ಅಪ್ಪಯ್ಯ-ಅಮ್ಮನಿಗೆ ಶಿವಮೊಗ್ಗದಲ್ಲಿ ಮನೆ: ದುರ್ಗಿಗುಡಿ ಒಳಗೋ, ಊರಾಚೆ ಬಡಾವಣೆಯೋ?

ತೀರ್ಥಹಳ್ಳಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತೀರ್ಥಹಳ್ಳಿ ಪೇಟೆಯಿಂದ 11 ಕಿಲೋಮೀಟರ್ ಒಳಗೆ, ತೋಟದ ಮಧ್ಯೆ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕೆಂದರೆ ಗದ್ದೆ ಅಂಚಿನ ಮೇಲೆ ನಡೆದು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬೇಕು. ಅಪ್ಪಯ್ಯನಿಗೆ 74, ಅಮ್ಮನಿಗೆ 68. ಹೋದ ಮಳೆಗಾಲದಲ್ಲಿ ಅಪ್ಪಯ್ಯನಿಗೆ ನಡುರಾತ್ರಿ ಎದೆನೋವು ಬಂತು. ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ. ಅಮ್ಮ ಟಾರ್ಚ್ ಹಿಡಿದು ಸಂಕ ದಾಟಿ ಹೋಗಿ ಜೀಪಿನವರನ್ನು ಎಬ್ಬಿಸಿದರು. ಶಿವಮೊಗ್ಗ ಮುಟ್ಟುವಾಗ ಮೂರು ಗಂಟೆ ಕಳೆದಿತ್ತು. ಸ್ಟೆಂಟ್ ಹಾಕಿದರು. ದೇವರ ದಯೆ, ಈಗ ಓಡಾಡುತ್ತಾರೆ. ಆದರೆ ಇನ್ನೊಂದು ಮಳೆಗಾಲ ಅವರಿಬ್ಬರನ್ನೇ ಅಲ್ಲಿ ಬಿಡುವ ಧೈರ್ಯ ನನಗಿಲ್ಲ. ತೋಟ ನೋಡಿಕೊಳ್ಳಲು ಚಿಕ್ಕಪ್ಪನ ಮಗ ಒಪ್ಪಿದ್ದಾನೆ. ನಾನು ಶಿವಮೊಗ್ಗದಲ್ಲೇ ಕೆಲಸ ಮಾಡುತ್ತೇನೆ. ಮೂವರೂ ಒಟ್ಟಿಗೆ ಇರುವುದು ಎಂದು ತೀರ್ಮಾನ ಆಗಿದೆ.

ಎರಡು ಮನೆ ನೋಡಿದ್ದೇನೆ. ಒಂದು ದುರ್ಗಿಗುಡಿಯಲ್ಲಿ, ಮುಖ್ಯರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ. ನೆಲಮಹಡಿ, ಎರಡು ರೂಮು, ಹಳೇ ಮನೆ. ಎರಡೂ ಬದಿಗೆ ಗೋಡೆಗೆ ಗೋಡೆ ಅಂಟಿದೆ. ಅಂಗಳ ಇಲ್ಲ, ಹಿಂದೆ ಕನ್ಸರ್ವೆನ್ಸಿ, ಅಂದರೆ ಮನೆಸಾಲುಗಳ ಹಿಂದಿನ ಓಣಿ. ಡಾಕ್ಟರು, ಮೆಡಿಕಲ್ಲು, ತರಕಾರಿ, ದೇವಸ್ಥಾನ ಎಲ್ಲ ನಡೆದುಹೋಗುವಷ್ಟು ದೂರ. ಇನ್ನೊಂದು ಸವಳಂಗ ರಸ್ತೆ ಕಡೆ, ಊರು ಮುಗಿದ ಮೇಲೆ ಬರುವ ಹೊಸ ಬಡಾವಣೆ. ಮೂವತ್ತು-ನಲವತ್ತರ ಸೈಟು, ಚೆಂದದ ಮನೆ, ಕಾಂಪೌಂಡು, ನಾಲ್ಕು ಗಿಡ ನೆಡಲು ಜಾಗ. ಬಾಡಿಗೆ 3 ಸಾವಿರ ಕಡಿಮೆ. ಆದರೆ ಆ ಸಾಲಿನಲ್ಲಿ ಮನೆ ಆಗಿರುವುದು ಎರಡೇ, ಉಳಿದದ್ದು ಖಾಲಿ ಸೈಟು.

ಅಮ್ಮನಿಗೆ ಎರಡನೆಯದು ಇಷ್ಟ. ಬೆಂಗಳೂರಿನಲ್ಲಿರುವ ಅಣ್ಣನೂ ‘ಅವರನ್ನು ಆ ಗಲಾಟೆಯಲ್ಲಿ ಇಡಬೇಡ’ ಅನ್ನುತ್ತಾನೆ. ಅಪ್ಪಯ್ಯ ಏನೂ ಹೇಳುವುದಿಲ್ಲ. ನನ್ನ ಮನಸ್ಸು ಮೊದಲನೆಯದರ ಕಡೆ. ಪೇಟೆ ಮಧ್ಯೆ ಇದ್ದು ಗೊತ್ತಿರುವವರು ಹೇಳಿ.

ಗಾಂಧಿ ಬಜಾರ್ ನಿವಾಸಿ

ತಂಗೀ, ನಾನು ಹುಟ್ಟಿದ್ದೇ ಗಾಂಧಿ ಬಜಾರ್ ಹಿಂದಿನ ಬೀದಿಯಲ್ಲಿ. ಈಗ 58. ಗಲಾಟೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪೇಟೆಯ ಗಲಾಟೆಗೆ ಒಂದು ಲೆಕ್ಕ ಇದೆ. ಅದನ್ನು ಹೇಳುತ್ತೇನೆ.

ಬೆಳಿಗ್ಗೆ ನಾಲ್ಕೂವರೆ-ಐದಕ್ಕೆ ಹಾಲಿನ ಗಾಡಿ, ಹೂವಿನ ಮೂಟೆ. ಶಿವಪ್ಪ ನಾಯಕ ಪ್ರತಿಮೆ ಹತ್ತಿರ ಹೂವಿನವರು ಆಗಲೇ ಕೂತಿರುತ್ತಾರೆ. ಆಮೇಲೆ ಕಸದ ಗಾಡಿ. ಒಂಬತ್ತೂವರೆಗೆ ಒಂದಾದ ಮೇಲೊಂದು ಶಟರ್ ಎತ್ತುವ ಸದ್ದು. ಹನ್ನೊಂದರಿಂದ ಒಂದರವರೆಗೆ ಜನ ಜಾಸ್ತಿ. ಮಧ್ಯಾಹ್ನ ಎರಡಕ್ಕೆ ಇಡೀ ಬಜಾರೇ ಸ್ವಲ್ಪ ತೂಕಡಿಸುತ್ತದೆ. ಸಂಜೆ ಐದರಿಂದ ಎಂಟೂವರೆ ನಿಮಗೆ ಕಷ್ಟದ ಹೊತ್ತು, ಬೈಕ್ ಹಾರ್ನು ತಲೆ ತಿನ್ನುತ್ತದೆ. ಒಂಬತ್ತೂವರೆಗೆ ಶಟರ್ ಇಳಿದರೆ ಮುಗಿಯಿತು. ಹತ್ತೂವರೆ ಮೇಲೆ ನಮ್ಮ ಬೀದಿಯಲ್ಲಿ ನಾಯಿ ಬೊಗಳಿದ್ದು ಮಾತ್ರ ಕೇಳುತ್ತದೆ. ಅಂಗಡಿಯವರೆಲ್ಲ ಮನೆಗೆ ಹೋಗುತ್ತಾರೆ, ಬೀದಿ ನಮಗೆ ಬಿಟ್ಟಿರುತ್ತದೆ. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಎಲೆ-ಅಡಿಕೆ ಹಾಕುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಲೆಕ್ಕ ತಪ್ಪುವುದು ಹಬ್ಬದಲ್ಲಿ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿಯ ಹಿಂದಿನ ಎರಡು ದಿನ ಕಾಲಿಡಲು ಜಾಗ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ. ಮೊದಲ ದಿನ ಅಮ್ಮನವರು ಗಾಂಧಿ ಬಜಾರ್‌ನ ತವರುಮನೆಯಲ್ಲೇ ಇರುವುದು. ದರ್ಶನದ ಸಾಲು ನಮ್ಮ ಬಾಗಿಲವರೆಗೂ ಬರುತ್ತದೆ. ಮನೆಯವರೆಲ್ಲ ಮಡಿಯುಟ್ಟು ಆ ದಿನಕ್ಕೇ ಕಾಯುತ್ತೇವೆ, ಅದು ಬೇರೆ ಮಾತು. ಗಣಪತಿ ಬಿಡುವ ದೊಡ್ಡ ಮೆರವಣಿಗೆ ದಿನ ವಾಹನ ಬಿಡುವುದೇ ಇಲ್ಲ. ಅಂಥ ದಿನ ಅಪ್ಪಯ್ಯನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಯಾವ ಕಡೆಯಿಂದ ಗಾಡಿ ಹೊರಗೆ ಬೀಳುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ನೀವು ನೋಡಿದ ಮನೆ ಒಂದು ಅಡ್ಡರಸ್ತೆ ಒಳಗೆ ಅಂದಿರಲ್ಲ, ಅದೇ ದೊಡ್ಡ ವಿಷಯ. ಮುಖ್ಯರಸ್ತೆ ಮೇಲಿನ ಮನೆಗೂ ಐವತ್ತು ಹೆಜ್ಜೆ ಒಳಗಿನ ಮನೆಗೂ ಅಜಗಜಾಂತರ.

ಗೋಪಾಳದವ

ನಾನು ಬೇರೆ ಮಾತು ಹೇಳುತ್ತೇನೆ. 9 ವರ್ಷ ದುರ್ಗಿಗುಡಿಯಲ್ಲೇ ಬಾಡಿಗೆಗೆ ಇದ್ದು ಬಿಟ್ಟುಬಂದವನು ನಾನು.

ನಮ್ಮ ಮನೆಯಿಂದ ಎರಡನೇ ಕಟ್ಟಡದಲ್ಲಿ ಒಂದು ಸಮಾರಂಭದ ಹಾಲ್ ಇತ್ತು. ಮದುವೆ ಸೀಸನ್‌ನಲ್ಲಿ ವಾರಕ್ಕೆ ನಾಲ್ಕು ದಿನ ಧ್ವನಿವರ್ಧಕ. ಕರೆಂಟ್ ಹೋದರೆ ಜನರೇಟರ್ ನಮ್ಮ ಬೆಡ್‌ರೂಮಿನ ಕಿಟಕಿಗೇ ಹೊಗೆ ಬಿಡುತ್ತಿತ್ತು. ಅಮ್ಮನಿಗೆ ಬಿಪಿ ಇತ್ತು. ನಿದ್ದೆಯಿಲ್ಲದೆ ಸೊರಗಿಹೋದರು. ಹೇಳಿದೆ, ಬೇಡಿಕೊಂಡೆ, ಜಗಳ ಆಡಿದೆ. ಒಂದು ವಾರ ಸರಿ ಇರುತ್ತಿತ್ತು, ಮತ್ತೆ ಅದೇ. ಗೋಪಾಳಕ್ಕೆ ಬಂದ ಮೊದಲನೇ ರಾತ್ರಿ ಅಮ್ಮ ಎಂಟು ಗಂಟೆ ಮಲಗಿದ್ದರು. ನಾನು ಬೆಳಿಗ್ಗೆ ಎರಡು ಸಲ ಹೋಗಿ ಉಸಿರಾಡುತ್ತಿದ್ದಾರಾ ಅಂತ ನೋಡಿದೆ.

ಪೇಟೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಕೇಳುವುದೇ ಇಲ್ಲ. ತೋಟದ ಮಧ್ಯೆ 74 ವರ್ಷ ಇದ್ದವರನ್ನು ತಂದು ಅಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ ಮೇಡಂ. ಅವರಿಗೆ ಜಗಲಿ ಬೇಕು, ಆಕಾಶ ಬೇಕು.

ಗಾಂಧಿ ಬಜಾರ್ ನಿವಾಸಿ

ಗೋಪಾಳದವರೇ, ನಿಮ್ಮ ಅಮ್ಮನ ಕಷ್ಟ ಓದಿ ಬೇಜಾರಾಯಿತು. ನೀವು ಹೇಳಿದ್ದು ನಿಜ. ಹಾಲ್, ಬಾರು, ಜನರೇಟರ್ ಇವು ಎಲ್ಲಿವೆ ಎಂದು ನೋಡದೆ ಮನೆ ಹಿಡಿಯಬಾರದು. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಗೋಪಾಳಕ್ಕೆ ಹೋದ ಮೇಲೆ ಅಮ್ಮ ಒಬ್ಬರೇ ಮನೆಯಿಂದ ಹೊರಗೆ ಹೋಗುತ್ತಿದ್ದರಾ?

ಗೋಪಾಳದವ

ಇಲ್ಲ. ಅದು ನಿಜ. ದುರ್ಗಿಗುಡಿಯಲ್ಲಿದ್ದಾಗ ಚೀಲ ಹಿಡಿದು ದಿನಕ್ಕೆ ಎರಡು ಸಲ ಹೊರಗೆ ಹೋಗುತ್ತಿದ್ದರು. ಇಲ್ಲಿ ನನ್ನ ಬೈಕಿಗೆ ಕಾಯಬೇಕಾಯಿತು. ಕೊನೆಕೊನೆಗೆ ದೇವಸ್ಥಾನಕ್ಕೆ ಹೋಗುವುದೂ ಬಿಟ್ಟರು. ಆಗ ನಾನು ಅದನ್ನು ವಯಸ್ಸಾಯಿತು ಅಂದುಕೊಂಡಿದ್ದೆ. ಈಗ ನೀವು ಕೇಳಿದ ಮೇಲೆ ಯೋಚಿಸುತ್ತಿದ್ದೇನೆ.

ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಗೋಪಾಳ, ವಿನೋಬನಗರದಂಥ ತುಂಬಿದ ಬಡಾವಣೆಯಲ್ಲಿ ಹುಡುಕಿ. ಅಲ್ಲಿ ಅಂಗಡಿ ಇದೆ, ಜನ ಇದ್ದಾರೆ, ರಾತ್ರಿ ನಿದ್ದೆಯೂ ಬರುತ್ತದೆ. ಖಾಲಿ ಸೈಟಿನ ಮಧ್ಯದ ಮನೆ ಮಾತ್ರ ಬೇಡವೇ ಬೇಡ. ಅಲ್ಲಿಗೆ ಹೋದರೆ ತೀರ್ಥಹಳ್ಳಿಯ ಒಂಟಿ ಮನೆಯನ್ನೇ ತಂದು ಇಲ್ಲಿ ಇಟ್ಟ ಹಾಗೆ. ಸಂಕದಾಚೆ ಜೀಪಿನವರಾದರೂ ಇದ್ದರು.

ಮನೆಮನೆ ನರ್ಸ್

ಅಕ್ಕ, ನಾನು ಶಿವಮೊಗ್ಗದಲ್ಲಿ ಮನೆಗಳಿಗೆ ಹೋಗಿ ವಯಸ್ಸಾದವರ ಆರೈಕೆ ಮಾಡುತ್ತೇನೆ. ಗಲಾಟೆ, ಗಾಳಿ ಎಲ್ಲ ಆಮೇಲೆ. ಮನೆಯೊಳಗೆ ಕಾಲಿಟ್ಟ ಕೂಡಲೇ ನನ್ನ ತಲೆಗೆ ಬರುವ ಮೊದಲ ಪ್ರಶ್ನೆ: ಇವರು ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದರೆ ಯಾರಿಗೆ ಕೇಳುತ್ತದೆ?

ಹೊಸ ಬಡಾವಣೆಯ ಮನೆಯೊಂದರಲ್ಲಿ ಒಬ್ಬ ಅಜ್ಜಿ ಬೆಳಿಗ್ಗೆ ಹತ್ತಕ್ಕೆ ಬಿದ್ದವರು ಮಗ ಸಂಜೆ ಬರುವವರೆಗೂ ನೆಲದ ಮೇಲೇ ಇದ್ದರು. ಕಾಂಪೌಂಡ್ ಎತ್ತರ, ಗೇಟಿಗೆ ಬೀಗ, ಆಚೆ ಈಚೆ ಸೈಟು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಹಾಗಾಗುವುದು ಕಡಿಮೆ. ಒಗ್ಗರಣೆ ಹಾಕಿದರೂ ಪಕ್ಕದವರಿಗೆ ಗೊತ್ತಾಗುತ್ತದೆ. ನೀವು ಕೆಲಸಕ್ಕೆ ಹೋದ ಮೇಲೆ ದಿನಕ್ಕೆ ಎಂಟು-ಒಂಬತ್ತು ಗಂಟೆ ಅವರಿಬ್ಬರೇ ಇರುತ್ತಾರೆ, ಅದನ್ನು ಯೋಚಿಸಿ.

ಹಳೇ ಮನೆ ಅಂದಿರಿ. ಹಾಗಾದರೆ ಬಚ್ಚಲ ಹೊಸ್ತಿಲು ಎಷ್ಟು ಎತ್ತರ ಇದೆ ನೋಡಿ. ನೆಲ ಜಾರುತ್ತದಾ? ಗೋಡೆಗೆ ಹಿಡಿಕೆ ಹಾಕಿಸಲು ಮಾಲೀಕರು ಬಿಡುತ್ತಾರಾ? ಸ್ಟ್ರೆಚರ್ ಬಾಗಿಲಿನಿಂದ ತಿರುಗುತ್ತದಾ? 108 ಗಾಡಿ ಬಾಗಿಲ ಹತ್ತಿರ ಬರುವುದಕ್ಕೆ ಅಡ್ಡರಸ್ತೆಯಲ್ಲಿ ಸಂಜೆ ನಿಲ್ಲಿಸಿದ ಬೈಕುಗಳು ಬಿಡುತ್ತವಾ? ಬೆಳಿಗ್ಗೆ ನೋಡಿದರೆ ಗೊತ್ತಾಗುವುದಿಲ್ಲ, ಸಂಜೆ ಏಳಕ್ಕೆ ಹೋಗಿ ನೋಡಬೇಕು. ಮೆಗ್ಗಾನ್ ಆಸ್ಪತ್ರೆಗೆ, ನಿಮ್ಮ ಹೃದಯದ ಡಾಕ್ಟರ ಹತ್ತಿರಕ್ಕೆ ಆ ಹೊತ್ತಿನಲ್ಲಿ ಎಷ್ಟು ನಿಮಿಷ ಬೇಕು ಎಂದು ಆಟೋದಲ್ಲಿ ಒಂದು ಸಲ ಹೋಗಿಬಂದು ನೋಡಿ.

ಹೊಳೆದಂಡೆ

ಮಳೆಗಾಲದ ನೀರಿನ ಬಗ್ಗೆಯೂ ವಿಚಾರಿಸಿ. ನಮ್ಮ ಊರಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ. 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ ಕಡೆ ಮನೆಗಳೊಳಗೆ ನೀರು ಬಂದಿತ್ತು. ಗಾಜನೂರು ಅಣೆಕಟ್ಟಿನ ಗೇಟಿನಿಂದ ನೀರು ಬಿಟ್ಟರು ಎಂದು ಸುದ್ದಿ ಬಂದ ಕೂಡಲೇ ಹೊಳೆದಂಡೆಯವರು ಪಾತ್ರೆ-ಪಗಡೆ ಮೇಲೆತ್ತುತ್ತಾರೆ. ದುರ್ಗಿಗುಡಿಗೆ ಹೊಳೆಯ ಭಯಕ್ಕಿಂತ ಚರಂಡಿಯದ್ದೇ ಭಯ ಜಾಸ್ತಿ. ಜೋರು ಮಳೆಯಲ್ಲಿ ಚರಂಡಿ ಕಟ್ಟಿ ರಸ್ತೆ ನೀರು ಹೊಸ್ತಿಲು ದಾಟುತ್ತದಾ ಎಂದು ಪಕ್ಕದವರನ್ನು ಕೇಳಿ. ಮಾಲೀಕರನ್ನು ಕೇಳಬೇಡಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದರೆ ಶೀತ ಇದೆ ಅಂತಲೇ ಅರ್ಥ.

ಮಲ್ಲೇಶ್ವರದ ಕೊಪ್ಪದವ

ನಾನು ಕೊಪ್ಪ ಕಡೆಯವನು, ಬೆಂಗಳೂರಿನ ಮಲ್ಲೇಶ್ವರದಲ್ಲಿ 11 ವರ್ಷದಿಂದ ಇದ್ದೇನೆ. ನಿಮ್ಮ ಅಣ್ಣ ಬೆಂಗಳೂರಿನಲ್ಲಿದ್ದು ‘ಪೇಟೆ ಮಧ್ಯೆ ಬೇಡ’ ಅನ್ನುತ್ತಾರಲ್ಲ, ಅವರು ಎಲ್ಲಿರುತ್ತಾರೋ ಗೊತ್ತಿಲ್ಲ. ನಾನೂ ಮೊದಲು ಊರಾಚೆ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆ. ಅಪ್ಪ-ಅಮ್ಮ ಬಂದರೆ ಎಂಟೇ ದಿನಕ್ಕೆ ಊರಿಗೆ ಹೊರಡುತ್ತಿದ್ದರು. ಲಿಫ್ಟಿನಲ್ಲಿ ಇಳಿದು ಎಲ್ಲಿಗೆ ಹೋಗುವುದು, ಯಾರನ್ನು ಮಾತಾಡಿಸುವುದು ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಲ್ಲೇಶ್ವರಕ್ಕೆ ಬಂದ ಮೇಲೆ ಅದೇ ಅಪ್ಪ ಎರಡು ತಿಂಗಳು ಉಳಿದರು. ಎಂಟನೇ ಕ್ರಾಸಿನ ಜನಜಂಗುಳಿ ಕಂಡು ಮೊದಲು ಹೆದರಿದ್ದರು. ನಾಲ್ಕನೇ ದಿನ ಒಬ್ಬರೇ ಹೋಗಿ ಕೊತ್ತಂಬರಿ ಸೊಪ್ಪಿಗೆ ಚೌಕಾಶಿ ಮಾಡಿಕೊಂಡು ಬಂದರು. ಕಾಡುಮಲ್ಲೇಶ್ವರ ದೇವಸ್ಥಾನದಲ್ಲಿ ಶೃಂಗೇರಿ ಕಡೆಯವರೊಬ್ಬರ ಪರಿಚಯ ಮಾಡಿಕೊಂಡರು. ಸಂಪಿಗೆ ರಸ್ತೆಯ ಮೆಟ್ರೋ ಹತ್ತಿ ಒಂದೇ ನಿಲ್ದಾಣ, ಮೆಜೆಸ್ಟಿಕ್. ಅಲ್ಲಿಂದ ಊರಿನ ಬಸ್ಸು. ಬೇಕೆಂದಾಗ ಹೋಗಬಹುದು ಅಂತ ಗೊತ್ತಾದ ಮೇಲೆ ಹೋಗುವ ಅವಸರ ಕಡಿಮೆಯಾಯಿತು. ಇದು ನಾನು ಕಂಡುಕೊಂಡ ವಿಷಯ. ನಿಮಗೂ ಅಷ್ಟೆ, ಶಿವಮೊಗ್ಗದ ಪೇಟೆಯೊಳಗೆ ಇದ್ದರೆ ಖಾಸಗಿ ಬಸ್ ನಿಲ್ದಾಣ ಹತ್ತಿರ. ಬೆಳಿಗ್ಗೆ ತೀರ್ಥಹಳ್ಳಿ ಬಸ್ ಹತ್ತಿ ತೋಟ ನೋಡಿ ಸಂಜೆ ವಾಪಸ್ ಬರಬಹುದು. ಅಪ್ಪಯ್ಯನಿಗೆ ಇದು ದೊಡ್ಡ ಸಮಾಧಾನ.

ಕನ್ಸರ್ವೆನ್ಸಿ ವಿಷಯ ಒಂದು ಹೇಳಲೇಬೇಕು. ಮಲ್ಲೇಶ್ವರದಲ್ಲೂ ಇವು ಇವೆ. 1898ರ ಪ್ಲೇಗ್ ಬಂದು ಹಳೇ ಪೇಟೆಯ ಜನ ಹೊರಗೆ ಬಂದಾಗ ತುಂಬಿದ ಬಡಾವಣೆ ಇದು. ಮನೆಸಾಲುಗಳ ಹಿಂದೆ ಓಣಿ ಬಿಟ್ಟದ್ದು ಮಲ ಹೊರುವ ಜನ ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು. ಆ ಓಣಿಗಳಲ್ಲಿ ನಡೆದವರ ನೋವು ನೆನೆದರೆ ಈಗಲೂ ಸಂಕಟ ಆಗುತ್ತದೆ. ಈಗ ಆ ಜಾಗ ಮನೆಗೆ ಗಾಳಿ-ಬೆಳಕು ತರುತ್ತದೆ. ಕಸ ಸುರಿಯುವ ಜಾಗವಾಗಿದ್ದರೆ ಮಾತ್ರ ಸೊಳ್ಳೆ, ಇಲಿ ಎರಡೂ ಒಳಗೆ ಬರುತ್ತವೆ. ನಿಮ್ಮ ಮನೆ ಹಿಂದಿನದ್ದು ಹೇಗಿದೆ?

ತೀರ್ಥಹಳ್ಳಿ ಮಗಳು

ಎಲ್ಲರ ಮಾತೂ ಓದಿದೆ. ನರ್ಸ್ ಅಕ್ಕನ ಮಾತು ಅಮ್ಮನಿಗೆ ಓದಿ ಹೇಳಿದೆ, ತುಂಬಾ ಹೊತ್ತು ಸುಮ್ಮನಿದ್ದರು.

ಕನ್ಸರ್ವೆನ್ಸಿ ಸ್ಮಾರ್ಟ್ ಸಿಟಿ ಕೆಲಸದಲ್ಲಿ ಚೊಕ್ಕ ಆಗಿದೆ. ನೆಲಕ್ಕೆ ಕಲ್ಲು ಹಾಕಿದ್ದಾರೆ. ಕೆಲವರು ಬೈಕ್ ನಿಲ್ಲಿಸುತ್ತಾರೆ. ನಿನ್ನೆ ಸಂಜೆ ಏಳಕ್ಕೆ ಹೋಗಿ ನೋಡಿದೆ, ಅಡ್ಡರಸ್ತೆಯಲ್ಲಿ ಎರಡೂ ಬದಿ ಬೈಕು, ಆದರೂ ಒಂದು ವ್ಯಾನ್ ಒಳಗೆ ಬಂತು. ಹತ್ತಿರದಲ್ಲಿ ಹಾಲ್ ಇಲ್ಲ. ಬಾಡಿಗೆ ಪತ್ರದ ಬಗ್ಗೆ ಗೊತ್ತಿರುವವರು ಹೇಳುತ್ತೀರಾ? ಮಾಲೀಕರು ಭೋಗ್ಯಕ್ಕಾದರೂ ಸರಿ ಅನ್ನುತ್ತಿದ್ದಾರೆ.

ಪತ್ರ ಬರೆಯುವವ

ಭೋಗ್ಯದಲ್ಲಿ ತಿಂಗಳ ಬಾಡಿಗೆ ಇಲ್ಲ ನಿಜ, ಆದರೆ ದೊಡ್ಡ ಮೊತ್ತ ಒಮ್ಮೆಗೇ ಅವರ ಕೈ ಸೇರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ಇದ್ದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸುಮ್ನೆ ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಲದು. ಮನೆ ಮೇಲೆ ಸಾಲ ಇದೆಯಾ ಎಂದು ಋಣಭಾರ ಪತ್ರ ತೆಗೆಸಿ ನೋಡಿ. ಅಪ್ಪ-ಅಮ್ಮನಿಗೆ ಒಗ್ಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲದಿರುವಾಗ ನನ್ನ ಸಲಹೆ 11 ತಿಂಗಳ ಬಾಡಿಗೆ ಪತ್ರ. ಹಿಡಿಕೆ ಹಾಕಿಸಲು ಒಪ್ಪಿಗೆ, ಮೆಸ್ಕಾಂ ಬಿಲ್ಲು ಯಾರದ್ದು, ನೀರಿನ ಬಿಲ್ಲು ಯಾರದ್ದು, ಎಲ್ಲ ಅದರಲ್ಲೇ ಬರಲಿ.

ಸದ್ದಿನ ಬಗ್ಗೆಯೂ ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಕ್ಕೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲ ಮಾಡಬಹುದು, ಅಷ್ಟೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಗುರುತಾಗಿದ್ದರೆ ಇನ್ನೂ ಕಡಿಮೆ. ರಾತ್ರಿ ಹತ್ತರ ಮೇಲೆ ತಡೆಯಲಾಗದಿದ್ದರೆ 112ಕ್ಕೆ ಫೋನ್ ಮಾಡಿ. ಗೋಪಾಳದವರಂತೆ ಒಬ್ಬರೇ ಹೋಗಿ ಜಗಳ ಆಡಬೇಡಿ. ಬೀದಿಯ ನಾಲ್ಕು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟರೆ ಅದಕ್ಕೆ ತೂಕ ಬೇರೆ.

ಗೋಪಾಳದವ

ನಾಲ್ಕು ಮನೆಯವರು ಸಹಿ ಹಾಕುವುದು ಅಷ್ಟು ಸುಲಭ ಅಲ್ಲ ಸರ್. ಅರ್ಧ ಜನ ಹಾಲ್‌ನವರ ಪರಿಚಯಸ್ಥರೇ ಇರುತ್ತಾರೆ. ಆದರೂ ಈ ನಿಯಮ ಆಗಲೇ ಗೊತ್ತಿದ್ದರೆ ಚೆನ್ನಾಗಿತ್ತು.

ತೀರ್ಥಹಳ್ಳಿ ಮಗಳು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ದುರ್ಗಿಗುಡಿ ಮನೆಯನ್ನೇ ಹಿಡಿದೆವು, 11 ತಿಂಗಳಿಗೆ. ಇಲ್ಲಿಗೆ ಬಂದು ಮೂರು ವಾರ ಆಯಿತು.

ಮೊದಲ ವಾರ ನಾನು ಸೋತೆ ಅಂದುಕೊಂಡಿದ್ದೆ. ಅಪ್ಪಯ್ಯ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು. ಎದ್ದು ದೀಪ ಹಾಕಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಸದ್ದಿಗೆ ಎಚ್ಚರ ಆಗುತ್ತಿದೆ ಎಂದು ಕಿಟಕಿಗೆ ದಪ್ಪ ಪರದೆ ಹಾಕಿಸಿದೆ, ಕಿವಿಗೆ ಹತ್ತಿ ಕೊಟ್ಟೆ. ಪ್ರಯೋಜನ ಆಗಲಿಲ್ಲ. ಕೊನೆಗೆ ಒಂದು ರಾತ್ರಿ ನಾನೂ ಎದ್ದು ‘ಎಂತಕ್ಕೆ ಅಪ್ಪಯ್ಯ, ಇಲ್ಲಿ ನಿಂತದ್ದು?’ ಎಂದು ಕೇಳಿದೆ. ‘ಬೈಕು ಬಂತಲ್ಲ, ಯಾರೋ ಬಂದರು’ ಅಂದರು.

ಆಗ ಅರ್ಥವಾಯಿತು. ನಮ್ಮ ಊರಲ್ಲಿ ರಾತ್ರಿ ಗಾಡಿ ಸದ್ದು ಕೇಳಿದರೆ ಅದು ನಮ್ಮ ಮನೆಗೇ ಬಂದ ಗಾಡಿ. ಬೇರೆ ಎಲ್ಲಿಗೂ ಹೋಗುವ ದಾರಿಯೇ ಅದಲ್ಲ. ಒಂದೋ ನೆಂಟರು, ಇಲ್ಲವೇ ಕೆಟ್ಟ ಸುದ್ದಿ. 74 ವರ್ಷ ಹಾಗೇ ಬದುಕಿದವರು ಇಲ್ಲಿ ಹಾದುಹೋದ ಒಂದೊಂದು ಬೈಕಿಗೂ ಎದ್ದು ಬಾಗಿಲು ತೆಗೆಯಲು ಹೋಗುತ್ತಿದ್ದರು. ನನಗೆ ಅಳು ಬಂತು. ಅವರ ಪಕ್ಕ ಕೂತು, ಈ ಬೈಕು ನಮ್ಮದಲ್ಲ ಅಪ್ಪಯ್ಯ, ಮುಂದೆ ಹೋಗುತ್ತದೆ, ಕೇಳಿ ಅಂದೆ. ಇಬ್ಬರೂ ಕೂತು ಮೂರು ಬೈಕು ಹೋಗುವುದನ್ನು ಕೇಳಿದೆವು. ಹತ್ತನೇ ದಿನದ ಹೊತ್ತಿಗೆ ಏಳುವುದು ನಿಂತಿತು.

ಅಮ್ಮನ ಕಷ್ಟ ಬೇರೆ. ಬಚ್ಚಲ ಒಲೆ ಇಲ್ಲ, ಹಂಡೆ ನೀರಿಲ್ಲ. ಗೀಸರ್ ನೀರು ಮೈಗೆ ಹತ್ತುವುದಿಲ್ಲ ಅನ್ನುತ್ತಾರೆ. ಹಪ್ಪಳ, ಸಂಡಿಗೆ ಒಣಗಿಸಲು ಬಿಸಿಲು ಬೀಳುವ ಜಾಗ ಇಲ್ಲ. ಹೂ ಕೊಯ್ದು ಪೂಜೆ ಮಾಡಿದವರಿಗೆ ಮೊಳ ಹಾಕಿ ಹೂ ಕೊಳ್ಳುವುದು ಮೊದಮೊದಲು ಅವಮಾನ ಆದ ಹಾಗಿತ್ತು. ಇದಕ್ಕೆಲ್ಲ ನನ್ನ ಹತ್ತಿರ ಪರಿಹಾರ ಇಲ್ಲ. ಗೋಪಾಳದವರು ಹೇಳಿದ ಆಕಾಶದ ಮಾತು ನಿಜ. ಸಂಜೆ ಅಮ್ಮ ಬಾಗಿಲಲ್ಲಿ ನಿಂತು ಎದುರು ಮನೆಯ ತಾರಸಿ ಮೇಲಿನ ಅಷ್ಟು ಆಕಾಶ ನೋಡುವಾಗ ನನಗೆ ಕರುಳು ಚುರುಕ್ ಅನ್ನುತ್ತದೆ.

ಆದರೆ ಮೊನ್ನೆ ಒಂದು ವಿಷಯ ಆಯಿತು. ನಾನು ಕೆಲಸದಲ್ಲಿದ್ದೆ. ಅಪ್ಪಯ್ಯನಿಗೆ ತಲೆ ಸುತ್ತು ಬಂತು. ಅಮ್ಮ ನನಗೆ ಫೋನ್ ಮಾಡಲಿಲ್ಲ. ಗೋಡೆಗೆ ಚೊಂಬಿನಿಂದ ಎರಡು ಸಲ ಬಡಿದರು. ಪಕ್ಕದ ಮನೆಯಾಕೆ ಬಂದರು, ಅವರ ಮಗ ಆಟೋ ತಂದ. ಇಪ್ಪತ್ತು ನಿಮಿಷಕ್ಕೆ ಡಾಕ್ಟರ ಮುಂದೆ ಇದ್ದರು. ಬಿಪಿ ಮಾತ್ರೆ ಜಾಸ್ತಿ ಆಗಿತ್ತಂತೆ, ಕಡಿಮೆ ಮಾಡಿ ಕಳಿಸಿದರು. ಎಲ್ಲ ಮುಗಿದ ಮೇಲೆ ಅಮ್ಮ ನನಗೆ ಹೇಳಿದ್ದು.

ಮನೆಮನೆ ನರ್ಸ್

ಅಕ್ಕ, ಓದಿ ತುಂಬಾ ಸಮಾಧಾನ ಆಯಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದಿರಾ?

ತೀರ್ಥಹಳ್ಳಿ ಮಗಳು

ಹಾಕಿಸಿದೆ ಅಕ್ಕ, ಎರಡು. ಮಾಲೀಕರೇ ಕೆಲಸದವರನ್ನು ಕಳಿಸಿದರು.

ಗೋಪಾಳದವ

ಮೇಡಂ, ನಮ್ಮ ಮನೆ ತಾರಸಿಯಲ್ಲಿ ಬಿಸಿಲು ಬೇಕಾದಷ್ಟಿದೆ. ನನ್ನ ಹೆಂಡತಿಯೂ ಹಪ್ಪಳ ಮಾಡುವವಳೇ. ಅಮ್ಮನನ್ನು ಒಂದು ಭಾನುವಾರ ಕರೆದುಕೊಂಡು ಬನ್ನಿ. ನಮ್ಮ ಅಮ್ಮ ನೆಟ್ಟ ತುಳಸಿಯ ಸಸಿಯೂ ಇದೆ, ಕುಂಡದಲ್ಲಿ ಹಾಕಿ ಕೊಡುತ್ತೇನೆ.

ತೀರ್ಥಹಳ್ಳಿ ಮಗಳು

ಅಮ್ಮನಿಗೆ ಹೇಳಿದೆ ಅಣ್ಣ. ಹಲಸಿನಕಾಯಿ ಊರಿಂದ ತರಿಸಲಾ ಎಂದು ಕೇಳುತ್ತಿದ್ದಾರೆ. ಬರುವ ಭಾನುವಾರ ಹತ್ತು ಗಂಟೆಗೆ ಬರುತ್ತೇವೆ.